ಗುಳ್ಳಘಟ್ಟದ ಜನಸಂಖ್ಯೆ

ಕಾಗದ ಬಂದದ್ದು ಸರಿಯಾದ ವಿಳಾಸಕ್ಕೇ. ಮಹದೇವಯ್ಯ ಬಿನ್ ಲೇಟ್ ಮಾದಯ್ಯ, ಗುಳ್ಳಘಟ್ಟದ ಹೊಲಗೇರಿ, ಹಾಲುಗೊಂಡನಹಳ್ಳಿ ಅಂಚೆ, ಭಾರತೀನಗರ ಮಾರ್ಗ, ಮದ್ದೂರು ತಾಲ್ಲೂಕು. ಕೊನೆಯಲ್ಲಿ ಐದು ಏಳು ಒಂದರಿಂದ ಶುರುವಾಗುವ ಆರಂಕಿಯ ಪಿನ್ ಕೋಡು. ಒಂದಕ್ಷರ ತಪ್ಪಿಲ್ಲ. ಪೇಟೆಯ ಸರ್ಕಾರಿ ಕಚೇರಿಯಲ್ಲಿ ಮುದ್ರೆ ಒತ್ತಿಸಿಕೊಂಡ ಲಕೋಟೆ ಮೂರನೆಯ ದಿನಕ್ಕೆಲ್ಲ ನಾಲೆಯ ಸೇತುವೆಗೆ ಬಂದು ಬಿತ್ತು. ಬಿತ್ತು ಅಂದರೆ ಬಿತ್ತೇ. ಅಂಚೆಯ ಹೊನ್ನಯ್ಯ ಕೇರಿಗೆ ಕಾಲಿಡುವವನಲ್ಲ. ಸೇತುವೆಯ ಮೇಲೆ ಕಾಗದ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ, ಎರಡು ಸಲ ಕೂಗಿ ಹೊರಟುಬಿಡುತ್ತಾನೆ. ಗಾಳಿಗೆ ಹಾರಿಹೋದರೆ ಅದು ಓದಬೇಕಾದವರ ಹಣೆಬರಹ.

ಅದು ೧೯೭೬ರ ಬೇಸಗೆ. ನಾಲೆ ನಿಲ್ಲಿಸಿ ಇಪ್ಪತ್ತು ದಿನವಾಗಿತ್ತು. ದೇವಿರಮ್ಮ ಒಣಗಿದ ನಾಲೆಯ ಮರಳಿನಲ್ಲಿ ಮೊಣಕಾಲೂರಿ ಒರತೆ ತೋಡಿ ಕರಟದಲ್ಲಿ ನೀರು ಮೊಗೆಯುತ್ತಿದ್ದಳು. ಒಂದು ಕರಟ ತುಂಬಬೇಕಾದರೆ ನೂರು ಎಣಿಸಬೇಕು. ಒಂದು ಕೊಡ ತುಂಬಬೇಕಾದರೆ ಅರ್ಧ ಬೆಳಗು ಹೋಗುತ್ತದೆ. ಮರಳು ಕೆರೆದು ಕೆರೆದು ಅವಳ ಬೆರಳಿನ ತುದಿಗಳು ಒಡೆದಿದ್ದವು. ಅವಳ ಮೈದುನ ಮಹದೇವಯ್ಯ ಏರಿಯ ಮೇಲೆ ನಿಂತು ಲಕೋಟೆ ಒಡೆದ. ಕೇರಿಯಲ್ಲಿ ಹೈಸ್ಕೂಲು ಮುಗಿಸಿದವನು ಅವನೊಬ್ಬನೇ. ಬಾವಿಗಾಗಿ ಅರ್ಜಿ ಬರೆದವನೂ ಅವನೇ.

"ಗುಳ್ಳಘಟ್ಟವು ಬೇಚರಾಕ್ ಗ್ರಾಮವಾಗಿದ್ದು, ೧೯೭೧ರ ಜನಗಣತಿಯ ಪ್ರಕಾರ ಸದರಿ ಗ್ರಾಮದ ಜನಸಂಖ್ಯೆ ಶೂನ್ಯ. ಆದ್ದರಿಂದ ಸದರಿ ಗ್ರಾಮಕ್ಕೆ ಕುಡಿಯುವ ನೀರಿನ ಬಾವಿಯ ಪ್ರಶ್ನೆ ಉದ್ಭವಿಸುವುದಿಲ್ಲ. ಹಾಲುಗೊಂಡನಹಳ್ಳಿಯ ಹರಿಜನರಿಗೆ ಈಗಾಗಲೇ ಬಾವಿ ಒದಗಿಸಲಾಗಿದೆ. ಅರ್ಜಿಯನ್ನು ವಿಲೇ ಮಾಡಲಾಗಿದೆ."

"ಬೇಚರಾಕ್ ಅಂದ್ರೆ ಏನ್ಲಾ ಮಾದೇವ?" ದೇವಿರಮ್ಮ ಕರಟ ಕೆಳಗಿಡದೆ ಕೇಳಿದಳು.

"ಜನ ಇಲ್ದೆ ಆಳು ಬಿದ್ದಿರೋ ಊರು ಅಂತ ಅತ್ಗೆ."

"ಮತ್ತೆ ಕಾಗ್ದನ ಯಾರಿಗ್ ಬರ್ದವ್ರೆ?"

ಮಹದೇವಯ್ಯ ಕಾಗದವನ್ನು ಮತ್ತೊಂದು ಸಲ ಮೊದಲಿಂದ ಓದಿದ. ಎಷ್ಟು ಸಲ ಓದಿದರೂ ಶೂನ್ಯ ಶೂನ್ಯವೇ.

ಈ ಲೆಕ್ಕ ಅರ್ಥವಾಗಬೇಕಾದರೆ ನಾಲೆಯ ಎರಡೂ ದಡ ನೋಡಬೇಕು. ಒಂದು ದಡದಲ್ಲಿ ಹಾಲುಗೊಂಡನಹಳ್ಳಿ. ಹೆಂಚಿನ ಮನೆ, ಕಬ್ಬಿನ ಗದ್ದೆ, ಶಾಲೆ, ಅಂಚೆ. ಇನ್ನೊಂದು ದಡದಲ್ಲಿ ಐವತ್ತು ಗುಡಿಸಲಿನ ಕೇರಿ. ಹಿಂದೆ ಪ್ಲೇಗು ಬಂದಾಗ ಎಲ್ಲರೂ ಇದ್ದದ್ದು ಗುಳ್ಳಘಟ್ಟದಲ್ಲೇ. ಗೌಡರು ಊರು ಬಿಟ್ಟು ಆಚೆ ಹೋಗಿ ಹಾಲುಗೊಂಡನಹಳ್ಳಿ ಕಟ್ಟಿಕೊಂಡರು. ಹೊಲಗೇರಿಯವರು ಹಿಂದೆಯೇ ಹೊರಟರೆ, ಅಲ್ಲೇ ಇರಿ, ಬೇಕಾದಾಗ ಕರೀತೀವಿ ಅಂದರು. ಕಂದಾಯದವರು ಬಂದು ನೋಡಿ, ಜನ ಗುಳ್ಳಘಟ್ಟ ಬಿಟ್ಟು ಹೋದರು ಎಂದು ಬರೆದುಕೊಂಡರು. ಉಳಿದವರನ್ನು ಅವರು ಜನ ಅಂದುಕೊಳ್ಳಲಿಲ್ಲ. ಆಮೇಲೆ ನಾಲೆ ಬಂತು, ನಡುವೆ ನೀರು ಹರಿಯಿತು. ಕೇರಿ ಮಾತ್ರ ಕರೆಯುವುದನ್ನೇ ಕಾಯುತ್ತ ಕೂತಿತು. ನಾಟಿಗೆ ಕರೆದರೆ ನಾಟಿ, ಕಬ್ಬಿಗೆ ಕರೆದರೆ ಕಬ್ಬು, ದನ ಸತ್ತರೆ ದನ.

ಇನ್ನು ವೆಂಕಟೇಶಮೂರ್ತಿ ಮೇಷ್ಟ್ರು. ಶಾಲೆಗೆ ಅವರೇ ಮೇಷ್ಟ್ರು, ಅಂಚೆಗೆ ಅವರೇ ಪೋಸ್ಟ್ ಮಾಸ್ಟರು, ಗಣತಿ ಬಂದರೆ ಗಣತಿದಾರರೂ ಅವರೇ. ಕೆಟ್ಟವರಲ್ಲ. ಯಾರನ್ನೂ ಬೈದವರಲ್ಲ. ಇಂಥ ಒಳ್ಳೆಯವರ ಕೈಯಲ್ಲಿ ನಾಶವಾದ ಕೇರಿಗಳನ್ನು ಲೆಕ್ಕ ಹಾಕುವ ಗಣತಿ ಇನ್ನೂ ಬಂದಿಲ್ಲ.

ಎಪ್ಪತ್ತೊಂದರ ಮಾರ್ಚಿಯಲ್ಲಿ ಅವರು ಗಣತಿಗೆ ಬಂದದ್ದು ದೇವಿರಮ್ಮನಿಗೆ ಚೆನ್ನಾಗಿ ನೆನಪಿದೆ. ಬಂದದ್ದು ಕೇರಿಗಲ್ಲ, ನಾಲೆಯ ಆಚೆ ಏರಿಗೆ. ಹೊಂಗೆಮರದ ನೆರಳಲ್ಲಿ ಅವರಿಗೆ ಕುರ್ಚಿ ಹಾಕಿದ್ದರು. ಈಚೆ ಏರಿಯ ಮೇಲೆ, ಬಿಸಿಲಲ್ಲಿ, ಕೇರಿಯವರು ಸಾಲಾಗಿ ನಿಂತಿದ್ದರು. ನಡುವೆ ನೀರು. ಹೊನ್ನಯ್ಯ ಕೂಗಿ ಕೇಳುತ್ತಿದ್ದ, ಇವರು ಕೂಗಿ ಹೇಳುತ್ತಿದ್ದರು, ಮೇಷ್ಟ್ರು ಬರೆಯುತ್ತಿದ್ದರು. ದೇವಿರಮ್ಮ ಹೆತ್ತು ಎಂಟು ದಿನವಾಗಿತ್ತು. ಕಾಲು ನಡುಗುತ್ತಿತ್ತು, ಸೀರೆ ಒದ್ದೆಯಾಗುತ್ತಿತ್ತು. ಮನೆಯಲ್ಲೇ ಇರುತ್ತೇನೆ ಎಂದರೆ, ಕಣ್ಣಿಗೆ ಕಾಣದ ತಲೆ ಬರೆಯುವುದಿಲ್ಲ ಎಂದಿದ್ದರು. ಸರದಿ ಬಂದಾಗ ಹೊನ್ನಯ್ಯ ಕೂಗಿದ.

"ಕೂಸು ಎತ್ತಿ ತೋರ್ಸೇ."

ಅವಳು ಬಟ್ಟೆ ಸರಿಸಿ, ಎರಡೂ ಕೈಯಲ್ಲಿ ಕೂಸನ್ನು ಬಿಸಿಲಿಗೆ ಎತ್ತಿ ಹಿಡಿದಳು.

"ಇನ್ನೂ ಮ್ಯಾಕೆ. ಗಂಡೋ ಎಣ್ಣೋ ಕಾಣಕಿಲ್ಲ."

ಇನ್ನೂ ಮೇಲೆ ಎತ್ತಿದಳು. ಆಚೆ ದಡದಲ್ಲಿ ಯಾರೋ ನಕ್ಕರು. ಹೆಣ್ಣು ಎಂದು ಬರೆದುಕೊಂಡರು. ಹೀಗೆ ಇನ್ನೂರ ಎಂಬತ್ತಾರು ತಲೆ ಎಣಿಕೆಯಾಯಿತು. ಎಣಿಸಿಕೊಂಡ ಆ ಹೆಣ್ಣುಕೂಸು ಎರಡು ವರ್ಷ ತುಂಬುವ ಮೊದಲೇ ಸತ್ತಿತು. ನಾಲೆ ನಿಂತ ತಿಂಗಳಲ್ಲಿ, ಒರತೆ ನೀರು ಕುಡಿದು, ವಾಂತಿ ಭೇದಿ ಆಗಿ, ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿದುಹೋಯಿತು. ಅಂದಿನಿಂದ ದೇವಿರಮ್ಮನಿಗೆ ಬೇಕಾದದ್ದು ಒಂದೇ. ಬಾವಿ. ಕೇರಿಯ ಕೂಸು ಕುಡಿದು ಸಾಯದಂಥ ನೀರು.

ಎಪ್ಪತ್ನಾಲ್ಕರಲ್ಲಿ ಬಾವಿ ಬಂತು. ಗಣತಿ ಪುಸ್ತಕದಲ್ಲಿ ಎಲ್ಲಿ ಹರಿಜನರ ಸಂಖ್ಯೆ ಹೆಚ್ಚಿದೆಯೋ ಆ ಊರಿಗೆ ಬಾವಿ ಅಂತ ಸರ್ಕಾರದ ಮಾತು. ಪುಸ್ತಕದಲ್ಲಿ ಹಾಲುಗೊಂಡನಹಳ್ಳಿಗೆ ಇನ್ನೂರ ಎಂಬತ್ತಾರು ಹರಿಜನರಿದ್ದರು. ಬಾವಿ ಆ ಊರಿನ ಗಡಿಯೊಳಗೇ ಆಗಬೇಕು ಎಂದರು. ಪಟೇಲರ ಮನೆಯ ಕೆಂಪಯ್ಯ ಮುಂದೆ ಬಂದು, ನಾಲೆಯಾಚೆ ತನ್ನ ಗದ್ದೆಯ ಮೂಲೆ ಬಿಟ್ಟುಕೊಟ್ಟ. ಆ ಧರ್ಮಕ್ಕೆ ಅವನ ಕೊರಳಿಗೆ ಹಾರ ಹಾಕಿದರು. ಅಗೆಯಲು ಕೇರಿಯವರನ್ನು ಕರೆದರು. ಯಾವತ್ತೂ ಕರೆದ ತಕ್ಷಣ ಹೋಗುವವರು, ಅವತ್ತು ಓಡಿಹೋದರು. ನಮ್ಮ ಬಾವಿ ಎಂದು ಓಡಿಹೋದರು.

ಮೂವತ್ತೈದು ಅಡಿ. ಮೇಲೆ ಗೊಚ್ಚೆ ಮಣ್ಣು, ಕೆಳಗೆ ಗೊರಜು ಕಲ್ಲು, ಅದರ ಕೆಳಗೆ ಬಂಡೆ. ಗಂಡಸರು ಹಾರೆ ಹಾಕಿದರು, ಹೆಂಗಸರು ಮಂಕರಿ ಹೊತ್ತರು. ದೇವಿರಮ್ಮ ದಿನಕ್ಕೆ ಅರುವತ್ತು ಮಂಕರಿ ಮಣ್ಣು ಹೊತ್ತು ಮೆಟ್ಟಿಲು ಹತ್ತಿದಳು. ನೆತ್ತಿಯ ಕೂದಲು ಸವೆದು ಬೋಳಾಯಿತು. ಅವಳ ಗಂಡ ದೊಡ್ಡಸಿದ್ದಯ್ಯ ತಳದಲ್ಲಿ ಬಂಡೆ ಒಡೆಯುತ್ತಿದ್ದ. ಕೊನೆಯ ಬಂಡೆಗೆ ಮದ್ದು ಹಾಕಿ ಸಿಡಿಸಿದ ದಿನ ಅದು ಅರ್ಧಕ್ಕೆ ಸೀಳಿ, ಅರ್ಧ ಗೋಡೆಯಲ್ಲೇ ನಿಂತಿತು. ಮೇಲೆ ನಿಂತಿದ್ದ ಗೌಡರು, ಇಳಿದು ನೋಡೋ ಎಂದರು. ಇಳಿದ. ಬಂಡೆ ಜಾರಿ ಸೊಂಟದ ಮೇಲೆ ಬಿತ್ತು. ಅದೇ ಹೊತ್ತಿಗೆ ಬಂಡೆಯ ಸಂದಿಯಿಂದ ನೀರೂ ಬಂತು.

ಮೇಲಿದ್ದವರು ನೀರು ಬಂತು ಅಂತ ಕೂಗಿದರು. ದೊಡ್ಡಸಿದ್ದಯ್ಯನೂ ಕೂಗುತ್ತಿದ್ದ. ಅದು ಯಾರಿಗೂ ಕೇಳಿಸಲಿಲ್ಲ.

ಅವನನ್ನು ಎತ್ತಿ ಎತ್ತಿನಗಾಡಿಯಲ್ಲಿ ಮಂಡ್ಯಕ್ಕೆ ಸಾಗಿಸಿದರು. ಬದುಕಿ ಬಂದ, ನಡೆಯುವಂತೆ ಬರಲಿಲ್ಲ. ಅವನ ರಕ್ತ ಬಿದ್ದ ನೀರನ್ನು ಹೊರಗೆ ಹೊಡೆಸಿದರು, ಅದನ್ನೂ ಕೇರಿಯವರ ಕೈಯಲ್ಲೇ. ಆಮೇಲೆ ಪುರೋಹಿತರು ಬಂದು ಬಾವಿಗೆ ಪುಣ್ಯಾಹ ಮಾಡಿದರು. ಗಂಗೆಪೂಜೆ ಮುಗಿದ ಮಾರನೆಯ ಬೆಳಿಗ್ಗೆ ಕೇರಿಯ ಹಿರಿಯ ನಾಗಯ್ಯನ ಹಿಂದೆ ಹೆಂಗಸರೆಲ್ಲ ಕೊಡ ಹಿಡಿದು ಹೊರಟರು. ಬಾವಿಯ ಹತ್ತಿರ ಕೆಂಪಯ್ಯ ನಿಂತಿದ್ದ.

"ಎಲ್ಲಿಗ್ ಬಂದ್ರಿ ಎಲ್ಲ, ಕೊಡ ಎತ್ಕಂಡು?"

"ನೀರ್ಗೆ ಬುದ್ಧಿ. ಹರಿಜನರ ಬಾವಿ ಅಂತ ಕಲ್ಲಲ್ಲೇ ಬರ್ದವ್ರಲ್ಲ," ಅಂದ ನಾಗಯ್ಯ.

"ಊ, ಬರ್ದವ್ರೆ. ಹಾಲುಗೊಂಡನಳ್ಳಿ ಹರಿಜನರ ಬಾವಿ ಅಂತ ಬರ್ದವ್ರೆ. ನಿಮ್ದು ಗುಳ್ಳಗಟ್ಟ ಕಣ್ಲಾ."

"ಹಾಲುಗೊಂಡನಳ್ಳೀಲಿ ಹರಿಜನ ಎಲ್ಲವ್ರೆ ಬುದ್ಧಿ?"

"ಇಲ್ಲ. ಇದ್ದಿದ್ರೆ ಬಂದು ತುಂಬ್ಕಳೋರು."

ಸುತ್ತ ನಿಂತವರೆಲ್ಲ ನಕ್ಕರು. ನಾಗಯ್ಯನೂ ಹಲ್ಲು ಕಿರಿದ. ಗೌಡರು ನಕ್ಕಾಗ ನಗುವುದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ವಾರದೊಳಗೆ ಆ ಬರೆದ ಕಲ್ಲಿಗೆ ಒರಗಿಸಿ ಕೆಂಪಯ್ಯ ಹುಲ್ಲಿನ ಮೆದೆ ಒಟ್ಟಿಸಿದ. ಒಟ್ಟಿದವರೂ ಕೇರಿಯವರೇ. ಊರಿಗೆ ಹಳೆಯ ಬಾವಿ ಒಂದಿತ್ತು, ಈಗ ಎರಡಾಯಿತು. ಹೊಸದರ ನೀರು ಬೇಳೆ ಬೇಯಲು ಚೆನ್ನ ಅಂತ ಗೌಡರ ಮನೆಯ ಹೆಂಗಸರು ಮಾತಾಡಿಕೊಂಡರು.

ಒಂದು ವರ್ಷ ಕೇರಿ ಸುಮ್ಮನಿತ್ತು. ಆಮೇಲೆ ಮಹದೇವಯ್ಯ ಅರ್ಜಿ ಬರೆದ. ನಾವು ಇರುವುದು ಗುಳ್ಳಘಟ್ಟ, ಗುಳ್ಳಘಟ್ಟಕ್ಕೇ ಒಂದು ಬಾವಿ ಕೊಡಿ ಎಂದು. ಅದಕ್ಕೆ ಬಂದ ಉತ್ತರವೇ ಈ ಶೂನ್ಯ.

ದೇವಿರಮ್ಮ ಅರ್ಧ ತುಂಬಿದ ಕೊಡವನ್ನು ಮರಳಲ್ಲೇ ಬಿಟ್ಟು ಎದ್ದಳು. "ನಡಿ ಮಾದೇವ, ಮೇಷ್ಟ್ರನ್ನೇ ಕೇಳುವ," ಅಂದಳು.

ಅಂಚೆ ಇದ್ದದ್ದು ಮೇಷ್ಟ್ರ ಮನೆಯ ಜಗಲಿಯಲ್ಲಿ. ಇವರು ಅಂಗಳದ ಆಚೆ, ಬೀದಿಯಲ್ಲಿ ನಿಂತರು. ಮೇಷ್ಟ್ರು ಕಾಗದವನ್ನು ಕೆಳಗೆ ಇಡಿಸಿ, ಎತ್ತಿಕೊಂಡು, ಓದಿ, ಕನ್ನಡಕ ಒರೆಸಿದರು.

"ಸರಿಯಾಗೇ ಬರೆದಿದ್ದಾರಲ್ಲಮ್ಮ. ಇದರಲ್ಲಿ ತಪ್ಪೇನಿದೆ?"

"ಕಾಗ್ದ ನಮ್ಗೇ ಬಂದದೆ. ಒಳ್ಗೆ ನೋಡುದ್ರೆ ನಾವೇ ಇಲ್ಲ ಅಂತದೆ. ಅದೆಂಗೆ ಸ್ವಾಮಿ?"

ಮೇಷ್ಟ್ರಿಗೆ ಪಾಠ ಹೇಳುವುದೆಂದರೆ ಇಷ್ಟ. ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದರು. "ನೋಡಮ್ಮ, ಅಂಚೆಯ ಲೆಕ್ಕ ಬೇರೆ, ಗಣತಿಯ ಲೆಕ್ಕ ಬೇರೆ. ಈ ಆರಂಕಿ ಇದೆಯಲ್ಲ, ಇದು ಊರಿನ ನಂಬರಲ್ಲ, ಅಂಚೆ ಆಫೀಸಿನ ನಂಬರು. ಸುತ್ತಿನ ಎಷ್ಟೋ ಊರಿಗೆ ಇದೊಂದೇ. ಅಂಚೆಯವರಿಗೆ ಗಡಿಕಲ್ಲು ಬೇಡ. ಕಾಗದ ಯಾರು ಹೊತ್ತು ಎಲ್ಲಿಯವರೆಗೆ ನಡೀತಾನೆ, ಅಷ್ಟೇ ಬೇಕು. ಹೊನ್ನಯ್ಯ ನಿಮ್ಮ ಸೇತುವೆವರೆಗೆ ನಡೀತಾನೆ, ಹಾಗಾಗಿ ನೀವು ನನ್ನ ಅಂಚೆಯವರು. ಗಣತಿ ಹಾಗಲ್ಲ. ಅದಕ್ಕೆ ಸರ್ವೆ ಕಲ್ಲೇ ಪ್ರಮಾಣ. ಕಂದಾಯದ ಊರು ಯಾವುದೋ ಗಣತಿಯ ಊರೂ ಅದೇ. ಅದರ ಪ್ರಕಾರ ನಿಮ್ಮ ಕೇರಿ ಗುಳ್ಳಘಟ್ಟದ ನೆಲ."

ಮಹದೇವಯ್ಯ ತಲೆಯೆತ್ತಿದ. "ಅಂಗಾದ್ರೆ ಗಣತೀಲಿ ನಮ್ಮನ್ನ ಗುಳ್ಳಗಟ್ಟಕ್ಕೆ ಬರೀಬೇಕಾಗಿತ್ತು."

ಮೇಷ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

"ಬರೀಬೇಕಾಗಿತ್ತು. ಆ ಕಡೆ ದಾಟಿ, ಕಲ್ಲು ನೋಡಿ, ಬೇರೆ ಪುಸ್ತಕದಲ್ಲಿ ಬರೀಬೇಕಾಗಿತ್ತು. ನನ್ನ ಹತ್ತಿರ ಅಂಚೆ ಹಂಚುವ ಪಟ್ಟಿ ಇತ್ತು. ಅದರಲ್ಲಿ ನೀವು ಹಾಲುಗೊಂಡನಹಳ್ಳಿಗೇ ಸೇರಿದ್ದಿರಿ. ಅದನ್ನೇ ಇಟ್ಟುಕೊಂಡು ಬರೆದುಬಿಟ್ಟೆ. ಗುಳ್ಳಘಟ್ಟದ ಪುಸ್ತಕ ಖಾಲಿ ಉಳೀತು, ಖಾಲೀನೇ ಕಳಿಸಿದೆ."

"ಈಗ ತಿದ್ಬುಡಿ ಸ್ವಾಮಿ."

"ಅಚ್ಚಾಗಿದೆಯಲ್ಲಮ್ಮ. ಇನ್ನು ತಿದ್ದೋದು ಎಂಬತ್ತೊಂದಕ್ಕೆ."

"ಎಂಬತ್ತೊಂದ್ರ ಗಂಟ ಏನ್ ಕುಡಿಯಾದು?"

"ಅದು ನನ್ನ ಇಲಾಖೆ ಅಲ್ಲ," ಅಂದರು ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಸಹ್ಯವಿರಲಿಲ್ಲ. ನಿಜವನ್ನೇ ಹೇಳುತ್ತಿದ್ದರು. ದೇವಿರಮ್ಮನಿಗೆ ರೇಗಿದ್ದು ಅದಕ್ಕೇ. ನಾಲೆ ದಾಟಲು ನಲವತ್ತು ಹೆಜ್ಜೆ ಸಾಕಾಗಿತ್ತು. ಆ ನಲವತ್ತು ಹೆಜ್ಜೆ ಇಡಲು ಹೇಸಿದ ಮನುಷ್ಯ, ಇಡೀ ಕೇರಿಯನ್ನು ಎತ್ತಿ ಊರಿಗೆ ಹಾಕಿ, ಊರಿಗೆ ಬಾವಿ ಕೊಡಿಸಿ, ಕೇರಿಗೆ ಶೂನ್ಯ ಕೊಡಿಸಿದ್ದ. ಅವಳ ಕೂಸನ್ನು ಎರಡೆರಡು ಸಲ ಎತ್ತಿಸಿ ನೋಡಿ ಇದನ್ನು ಮಾಡಿದ್ದ.

ಮಾರನೆಯ ದಿನ ನಡು ಮಧ್ಯಾಹ್ನ ಅವಳು ಒರತೆಗೆ ಹೋಗಲಿಲ್ಲ. ಕೊಡ ಎತ್ತಿಕೊಂಡು ಸೇತುವೆ ದಾಟಿದಳು. ಬಾವಿಯ ಮೆಟ್ಟಿಲಿಳಿದಳು. ಅವೆಲ್ಲ ಅವಳು ಮಂಕರಿ ಹೊತ್ತು ಹತ್ತಿದ ಮೆಟ್ಟಿಲುಗಳು, ಯಾವುದು ಗಿಡ್ಡ, ಯಾವುದು ಓರೆ ಎಂದು ಪಾದಕ್ಕೇ ಗೊತ್ತಿತ್ತು. ನೀರಿನ ಹತ್ತಿರ ಕೆಂಪಯ್ಯನ ಹೆಂಡತಿ ಅಂಕಮ್ಮ ಮತ್ತು ತಂಗಿ ಚಿಕ್ಕಬೋರಮ್ಮ ಬಿಂದಿಗೆ ತುಂಬುತ್ತಿದ್ದರು. ಇವಳನ್ನು ಕಂಡದ್ದೇ ಇಬ್ಬರೂ ಎದ್ದರು. ಮೈ ತಾಗೀತೆಂದು ಗೋಡೆಗೆ ಅಂಟಿಕೊಂಡು ಸರಿದು, ತುಂಬಿದ ಬಿಂದಿಗೆಗಳನ್ನು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದರು.

ದೇವಿರಮ್ಮ ನೀರಿಗೆ ಎರಡು ಕಾಲನ್ನೂ ಇಳಿಬಿಟ್ಟು ಕೂತಳು. ಬೊಗಸೆಯಲ್ಲಿ ಮೊಗೆದು ಕುಡಿದಳು. ಹೊಟ್ಟೆ ಬಿರಿಯುವಷ್ಟು ಕುಡಿದಳು. ಮುಖ ತೊಳೆದಳು. ಕೊಡ ತುಂಬಿಸಿಕೊಂಡಳು. ಅಷ್ಟರಲ್ಲಿ ಮೇಲೆ ಜನ ಸೇರಿತ್ತು. ಮೊದಲ ಕಲ್ಲು ನೀರಿಗೆ ಬಿತ್ತು. ಎರಡನೆಯದು ಅವಳ ಹೆಗಲಿಗೆ ಬಿತ್ತು. ಇಳಿದು ಬಂದು ಅವಳನ್ನು ಎಳೆಯುವುದಕ್ಕೆ ಯಾರಿಗೂ ಆಗದು, ಮುಟ್ಟಬೇಕಾಗುತ್ತದಲ್ಲ. ಅವಳು ಕೊಡ ಸೊಂಟಕ್ಕಿಟ್ಟು ಮೇಲೆ ಬಂದಾಗ ಜನವೇ ಸರಿದು ದಾರಿ ಬಿಟ್ಟಿತು.

"ಯಾರೇ ನಿಂಗೆ ಇಳಿಯಕ್ಕೆ ಯೋಳಿದ್ದು?" ಕೆಂಪಯ್ಯ ಕಿರುಚಿದ.

"ನಾಳೆನೂ ಬತ್ತೀನಿ ಬುದ್ಧಿ," ಅಂದಳು.

ಗುಡಿಸಲಿನಲ್ಲಿ ದೊಡ್ಡಸಿದ್ದಯ್ಯ ಚಾಪೆಯ ಮೇಲೆ ಬಿದ್ದಿದ್ದ. ಎರಡು ವರ್ಷದಿಂದ ಬಿದ್ದೇ ಇದ್ದ. ಅವಳು ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಚೊಂಬು ಬಾಯಿಗೆ ಹಿಡಿದಳು. ಅವನು ಒಂದು ಗುಟುಕು ಕುಡಿದು ನಿಲ್ಲಿಸಿದ. ಅವಳ ಹೆಗಲಿನ ರಕ್ತ ನೋಡಿದ.

"ಬಾವೀದಾ?"

"ಊ."

"ಸೀ ಅದೆ ಕಣಮ್ಮಿ," ಅಂದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ, ಸೊಂಟ ಮುರಿದಾಗಲೂ ನೋಡಿರಲಿಲ್ಲ.

ಪುರೋಹಿತರು ಬಂದು ಬಾವಿ ಶುದ್ಧ ಮಾಡಿ ಹೋದರು. ಅವಳು ಮತ್ತೆ ಹೋದಳು. ಎರಡನೆಯ ದಿನ ಕೆಂಪಯ್ಯನ ಆಳುಗಳು ಮೆಟ್ಟಿಲ ಬಾಯಲ್ಲೇ ಕಾದಿದ್ದರು. ಬಾರುಕೋಲಿನಿಂದ ಹೊಡೆದರು. ಬಾರುಕೋಲಿಗೆ ಮೈಲಿಗೆಯಿಲ್ಲ. ಬೆನ್ನು, ತೊಡೆ, ಕೈ ಅಡ್ಡ ಹಿಡಿದರೆ ಕೈ. ಕೊಡ ಒಡೆಯಿತು. ರವಿಕೆ ಹರಿಯಿತು. ಹೊಡೆಯುವವರು ದಣಿದು ನಿಂತಾಗ ಅವಳು ತೆವಳಿಕೊಂಡು ಮೆಟ್ಟಿಲಿಳಿದಳು. ಬಗ್ಗಲು ಬೆನ್ನು ಒಪ್ಪಲಿಲ್ಲ, ನೀರಲ್ಲೇ ಮಲಗಿ ಕುಡಿದಳು.

ಮೂರನೆಯ ದಿನ ಅವಳ ಜೊತೆ ಇನ್ನೂ ನಾಲ್ವರು ಹೆಂಗಸರು ಹೊರಟರು. ಮುಂದೆ ಶಿವನಂಜಮ್ಮ, ಪಕ್ಕದ ಗುಡಿಸಲಿನವಳು. ಐದು ಜನ ನೀರಿನ ಸುತ್ತ ಕೂತರು. ಅಂದು ಕಲ್ಲು ಬೀಳಲಿಲ್ಲ, ಕೋಲೂ ಬರಲಿಲ್ಲ. ಮೇಲೆ, ಬಾವಿಯ ಅಂಚಿನಲ್ಲಿ ಊರಿನವರು ಮಾತಾಡುತ್ತಿದ್ದರು. ಕೆಳಗೆ ಯಾರೂ ಇಲ್ಲವೇನೋ ಎಂಬಂತೆ ಗಟ್ಟಿಯಾಗೇ ಮಾತಾಡುತ್ತಿದ್ದರು. ದೇವಿರಮ್ಮನಿಗೆ ವೆಂಕಟೇಶಮೂರ್ತಿ ಮೇಷ್ಟ್ರ ದನಿ ಗುರುತು ಸಿಕ್ಕಿತು.

"ಈಗ ಎಮರ್ಜೆನ್ಸಿ. ಹರಿಜನರ ಮೇಲೆ ಕೈ ಮಾಡಿದರೆ ಒಳಗೆ ಹಾಕ್ತಾರೆ ಗೌಡ್ರೆ. ದಿನಾ ಶುದ್ಧ ಮಾಡಿಸ್ತಾ ಕೂತರೂ ಆಗೋಲ್ಲ. ಬಾವಿ ಇದ್ದರೆ ತಾನೆ ಇವರು ಇಳಿಯೋದು? ಮುಚ್ಚಿಬಿಡಿ. ಊರಿಗೆ ಹಳೇ ಬಾವಿ ಇದೆ."

"ಸರ್ಕಾರದ್ದಲ್ವ ಮೇಷ್ಟ್ರೆ? ನಾಳೆ ಬಂದು ಕೇಳುದ್ರೆ?"

"ಪುಸ್ತಕದಲ್ಲಿ ಬಾವಿ ಇದ್ದೇ ಇರುತ್ತೆ. ಇಲ್ಲಿಗೆ ಬಂದು ಯಾರು ಇಣುಕಿ ನೋಡ್ತಾರೆ?"

ಶಿವನಂಜಮ್ಮ ದೇವಿರಮ್ಮನ ಮುಖ ನೋಡಿದಳು. ದೇವಿರಮ್ಮ ನೀರು ನೋಡುತ್ತಿದ್ದಳು.

ಸಂಜೆ ಹೊನ್ನಯ್ಯ ಸೇತುವೆಯ ಮೇಲೆ ನಿಂತು ಕೂಗಿದ. ನಾಳೆ 'ಮನೆಗೊಂದಾಳು', ಗುದ್ದಲಿ ಮಂಕರಿ ತರಬೇಕು, ಬಾವಿ ತುಂಬಬೇಕು, ದಿನಕ್ಕೆ ಎರಡು ಸೇರು ರಾಗಿ.

ಕೇರಿಯವರು ಏರಿಯ ಮೇಲೆ ಬಂದು ಸೇರಿದರು. ಮನೆಗಳಲ್ಲಿ ರಾಗಿ ಇರಲಿಲ್ಲ. ಕೊನೆಗೆ ನಾಗಯ್ಯ ಕೆಮ್ಮಿದ.

"ತುಂಬುದ್ರೆ ನಮ್ದೇನ್ ಓಯ್ತದೆ ದೇವಿರವ್ವ? ಎಂಗೂ ನಮ್ಗೆ ಕುಡಿಯಕ್ಕೆ ಬುಡಕಿಲ್ಲ. ಎರಡ್ ಸೇರು ರಾಗಿನಾರ ಬತ್ತದೆ. ಐಕ್ಳು ಅಸ್ಕಂಡವ್ರೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ಗೊತ್ತಿದ್ದೇ ದೇವಿರಮ್ಮನಿಗೆ ಸಿಟ್ಟು ಬಂತು. ನಿಲ್ಲಲಾರದೆ ಶಿವನಂಜಮ್ಮನ ಹೆಗಲು ಹಿಡಿದು ನಿಂತಿದ್ದಳು.

"ಅಗಿಯಕ್ಕೆ ಕರುದ್ರು, ಓದೊ. ನನ್ ಗಂಡ ಸೊಂಟ ಮುರ್ಕಂಡ. ರಕ್ತ ಬಿದ್ದದೆ ನೀರ್ ಎತ್ತಾಕಿ ಅಂದ್ರು, ಎತ್ತಾಕುದ್ದೊ. ನಮ್ ಎಸ್ರು ಬರ್ದಿರೋ ಕಲ್ನ ಮುಚ್ಚಿ ಮೆದೆ ಒಟ್ಟಿ ಅಂದ್ರು, ಅದ್ನೂ ಒಟ್ಟುದ್ದೊ. ಈಗ ನೀರನ್ನೂ ನಮ್ ಕೈಲೇ ಊಳುಸ್ತರೆ. ಮುಚ್ಕಳಿ, ಅವ್ರ್ ಬಾವಿ ಅವ್ರ್ ಮುಚ್ಕಳಿ. ಮಣ್ಣು ಮಾತ್ರ ನಮ್ ತಲೆ ಮ್ಯಾಲೆ ಓಗಕಿಲ್ಲ. ನಾನಂತೂ ಓಗಕಿಲ್ಲ ನಾಗಣ್ಣ. ಓಗೋರ್ನ ತಡಿಯಕಿಲ್ಲ."

ಸೇತುವೆಯ ಮೇಲೆ ಹೊನ್ನಯ್ಯ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಅವಳು ಅವನ ಕಡೆ ತಿರುಗಿದಳು.

"ಓಗಿ ಯೋಳು ಹೊನ್ನಯ್ಯ, ಗುಳ್ಳಗಟ್ಟದಲ್ಲಿ ಜನ ಇಲ್ಲ ಅಂತ. ಮನೆಗೊಂದಾಳು ಬರಕ್ಕೆ ಮನೇನೂ ಇಲ್ಲ. ಸರ್ಕಾರದ ಕಾಗ್ದ ಬಂದದೆ, ನೀನೇ ತಂದಾಕಿದ್ದು."

ಹೊನ್ನಯ್ಯ ಸೇತುವೆ ಇಳಿದು ಊರ ಕಡೆ ತಿರುಗಿದ. ಕೇರಿಯಲ್ಲಿ ಯಾರೋ ನಕ್ಕರು. ಅದು ಗೌಡರು ನಕ್ಕಾಗ ನಗುವ ನಗೆಯಲ್ಲ. ಮಾರನೆಯ ಬೆಳಿಗ್ಗೆ ಐವತ್ತು ಗುಡಿಸಲಿನಿಂದ ಒಂದಾಳೂ ಹೊರಡಲಿಲ್ಲ. ನಾಗಯ್ಯನೂ ಗುದ್ದಲಿ ಮುಟ್ಟಲಿಲ್ಲ.

ಊರು ಸುಮ್ಮನಿರುತ್ತದೆಯೇ? ಅಂಗಡಿಯಲ್ಲಿ ಕೇರಿಗೆ ಉಪ್ಪು ಕೊಡುವುದು ನಿಂತಿತು. ಗದ್ದೆಯ ಬದುವಿನಲ್ಲಿ ನಡೆಯುವುದು ನಿಂತಿತು. ಕಬ್ಬಿನ ಗದ್ದೆಗೆ ಮಳವಳ್ಳಿ ಕಡೆಯಿಂದ ಕೂಲಿಯವರನ್ನು ಕರೆಸಿದರು. ಅವರಿಗೆ ಬಾವಿಯ ವಿಷಯ ಹೇಳಿದರೆ, ಕಬ್ಬು ಕಡೀತೀವಿ, ಗಂಗಮ್ಮನ್ನ ಊಳಕಿಲ್ಲ ಎಂದರಂತೆ. ಕೇರಿ ಹನ್ನೊಂದು ದಿನ ಸೊಪ್ಪು ಬೇಯಿಸಿಕೊಂಡು ತಿಂದಿತು. ಮಕ್ಕಳು ಅಳುವುದನ್ನೂ ಬಿಟ್ಟವು. ಹದಿನೈದು ಹೊತ್ತು ಏನೂ ತಿನ್ನದ ನಾಗಯ್ಯನ ಮುದಿ ಹೆಂಡತಿ ಒಂದು ಬೆಳಿಗ್ಗೆ ಏಳಲಿಲ್ಲ. ಅವಳನ್ನು ಹೂಳಿ ಬಂದವರು ನೇರವಾಗಿ ಬಾವಿ ತುಂಬಲು ಹೋಗುತ್ತಾರೆ ಎಂದು ಕೆಂಪಯ್ಯ ಕಾದ. ಯಾರೂ ಹೋಗಲಿಲ್ಲ. ದೇವಿರಮ್ಮನಿಗೆ ಆ ಮುದುಕಿಯ ಸಾವು ತನ್ನ ತಲೆಯ ಮೇಲೆ ಕೂತಂತಾಗಿತ್ತು. ನಾಗಯ್ಯನ ಮುಂದೆ ಹೋಗಿ ನಿಂತಳು.

"ಮಣ್ಣ್ ಒರಕ್ಕೆ ಓಗ್ಬ್ಯಾಡ," ಅಂದ ನಾಗಯ್ಯ. ಅಷ್ಟೇ ಅಂದ.

ಹನ್ನೆರಡನೆಯ ದಿನ ಊರಿನವರೇ ಗುದ್ದಲಿ ಹಿಡಿದರು.

ಗಾಡಿಯಲ್ಲಿ ಮಣ್ಣು ತಂದು ಸುರಿಯೋಣ ಎಂದು ನೋಡಿದರು. ಬಾವಿಯ ಸುತ್ತ ನೆಲ ಮೆತ್ತಗಿತ್ತು, ಗಾಡಿ ಹೂತು ಎತ್ತು ಮಂಡಿಯೂರಿತು. ಮಂಕರಿಯಲ್ಲಿ ಹೊರದೆ ಬೇರೆ ದಾರಿಯಿರಲಿಲ್ಲ. ಬಾವಿ ಅಗೆದಾಗ ತೆಗೆದ ಮಣ್ಣು, ಕಲ್ಲು, ಬಂಡೆಯ ಚೂರು ನಾಲೆಯ ಅಂಚಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಒಂದು ಕಾಲಕ್ಕೂ ತಲೆಯ ಮೇಲೆ ಭಾರ ಹೊರದ ಗಂಡಸರು ಅದನ್ನು ತುಂಬಿ ತುಂಬಿ ಹೊತ್ತರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಟ್ಟರು. ಬಾವಿಗೆ ಬಿದ್ದ ಪ್ರತಿ ಮಂಕರಿಗೂ ಮೊದಲು ನೀರಿನ ಸದ್ದು ಬಂತು, ಮಧ್ಯಾಹ್ನದ ಹೊತ್ತಿಗೆ ಕೆಸರಿನ ಸದ್ದು. ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಕೊಡೆ ಹಿಡಿದು ಬಂದು ನೋಡಿ ಹೋದರು.

ಕೇರಿಯವರೆಲ್ಲ ನಾಲೆಯ ಈಚೆ ಏರಿಯ ಮೇಲೆ ಬಂದು ಕೂತಿದ್ದರು. ತಮ್ಮ ಬಾವಿ ತಮ್ಮ ಕಣ್ಣೆದುರಿಗೇ ಮುಚ್ಚಿಹೋಗುತ್ತಿತ್ತು. ಶಿವನಂಜಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ದೇವಿರಮ್ಮ ಅಳಲಿಲ್ಲ. ಇಷ್ಟು ವರ್ಷದ ಮೇಲೆ ಯಾರೋ ಕೆಲಸ ಮಾಡುವುದನ್ನು ಅವಳು ಕೂತು ನೋಡುತ್ತಿದ್ದಳು.

ಕೆಂಪಯ್ಯನೂ ಹೊರುತ್ತಿದ್ದ. ಬಿಳಿ ಪಂಚೆ ಎತ್ತಿ ಕಟ್ಟಿದ್ದ. ಬರಿ ನೆತ್ತಿಯ ಮೇಲೆ ಮಂಕರಿ, ಕೆಳಗೆ ಬಟ್ಟೆಯ ಸಿಂಬಿಯೂ ಇಲ್ಲ. ಮಂಕರಿ ಒಂದು ಕಡೆಗೆ ವಾಲಿದಾಗ ಕತ್ತು ಇನ್ನೊಂದು ಕಡೆಗೆ ಸೊಟ್ಟಗಾಗುತ್ತಿತ್ತು. ಕಣ್ಣಿಗೆ ಮಣ್ಣು ಉದುರುತ್ತಿತ್ತು. ಅವನು ನಾಲೆಯ ಹತ್ತಿರಕ್ಕೆ ಬಂದಾಗ ದೇವಿರಮ್ಮ ಎದ್ದು ನಿಂತು, ಆಚೆ ದಡಕ್ಕೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

"ಸಿಂಬಿ ಇಟ್ಕಳಿ ಗೌಡ್ರೆ. ಇಲ್ದಿದ್ರೆ ಕತ್ತು ಉಳುಕ್ತದೆ."

ಆಚೆ ದಡದಲ್ಲಿ ಹೊರುತ್ತಿದ್ದವರೆಲ್ಲ ನಿಂತರು. ಕೆಂಪಯ್ಯ ಮಂಕರಿ ಹೊತ್ತುಕೊಂಡೇ ಅವಳ ಕಡೆ ನೋಡಿದ. ಹೋಗಿ ಮಣ್ಣು ಸುರಿದ.

ದೇವಿರಮ್ಮ ಕರಟ ತೆಗೆದುಕೊಂಡು ಒಣ ನಾಲೆಗೆ ಇಳಿದಳು. ಮನೆಯಲ್ಲಿ ಗಂಡನಿಗೆ ಕುಡಿಸಲು ತೊಟ್ಟು ನೀರಿರಲಿಲ್ಲ.